ಅಮಾವಾಸ್ಯೆಗೆ ಕಿವಿ ಮುಚ್ಚಿದ ಊರು

ಶಿರಗೂರಹಟ್ಟಿಯ ಒಂಬತ್ತು ಸಾವಿರ ಜನರ ಕಿವಿ ಒಂದೇ ಕೋಣೆಯಲ್ಲಿತ್ತು. ಹಿಂದೆ ಅದು ನೇಕಾರರ ಸಂಘದ ನೂಲಿನ ಗೋದಾಮು. ಈಗ ಅದಕ್ಕೆ ಎರಡು ಏಸಿ, ಒಂದು ಕಬ್ಬಿಣದ ಬಾಗಿಲು, ಬಾಗಿಲ ನೆತ್ತಿಗೆ ಬನಶಂಕರಿಯ ಪಟ. ಒಳಗೆ ಆಳೆತ್ತರದ ಕಪ್ಪು ಕಪಾಟಿನಲ್ಲಿ ಸರ್ವರು. ಊರವರು ‘ಕಿವಿ ಖೋಲಿ’ ಎನ್ನುತ್ತಿದ್ದರು.

ಊರಿಗೆ ಊರೇ ಕಿವುಡಾದದ್ದು ಹೇಗೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಯಾವುದಾದರೂ ಓಣಿಯಲ್ಲಿ ಹತ್ತು ನಿಮಿಷ ನಿಂತರೆ ತಿಳಿಯುತ್ತಿತ್ತು. ಮನೆಮನೆಯಲ್ಲೂ ಪವರ್‌ಲೂಮು, ಬೆಳಗಾದರೆ ಖಟಾ ಖಟಾ. ಮೂವತ್ತು ದಾಟಿದವರಿಗೆ ಅರ್ಧ ಕೇಳಿಸುತ್ತಿತ್ತು, ನಲವತ್ತು ದಾಟಿದವರಿಗೆ ಕೇಳಿಸಿದ ಹಾಗೆ ಅನಿಸುತ್ತಿತ್ತು. ಹೆಣ್ಣು ಕೊಡುವವರು ವರನ ಗಳಿಕೆ ವಿಚಾರಿಸುವ ಮೊದಲು, "ಹುಡುಗಗ ಇನ್ನಾ ಕೇಳತೈತೇನ್ರಿ?" ಎಂದು ವಿಚಾರಿಸುತ್ತಿದ್ದರು.

ಆಮೇಲೆ ಬಿಲ್ಲೆ ಬಂತು. ಎಂಟಾಣೆಯಷ್ಟು ಅಗಲ. ಕಿವಿಯ ಹಿಂದಿನ ಎಲುಬಿಗೆ ಡಾಕ್ಟರು ಕೂಡಿಸಬೇಕು, ಡಾಕ್ಟರೇ ಕೀಳಬೇಕು. ಸದ್ದನ್ನು ಹಿಡಿದು ಕಿವಿ ಖೋಲಿಗೆ ಕಳಿಸುವುದಷ್ಟೇ ಅದರ ಕೆಲಸ. ಆ ಗದ್ದಲದಲ್ಲಿ ಮನುಷ್ಯರ ಮಾತು ಯಾವುದು, ಲಾಳಿಯ ಬಡಿತ ಯಾವುದು ಎಂದು ಹೆಕ್ಕುವ ಲೆಕ್ಕ ಬಿಲ್ಲೆಯಂಥ ಬಡಪಾಯಿಯ ಕೈಲಾಗುವುದಲ್ಲ. ಅದನ್ನು ಸರ್ವರು ಮಾಡಿ, ಮಗ್ಗದ ಬಡಿತವನ್ನು ಸೋಸಿ ತೆಗೆದು, ಉಳಿದದ್ದನ್ನು ರೆಪ್ಪೆ ಬಡಿಯುವುದರೊಳಗೆ ಹಿಂದಕ್ಕೆ ಕಳಿಸುತ್ತಿತ್ತು. ಬಿಲ್ಲೆ ಅದನ್ನು ನೇರ ನರಕ್ಕೆ ಮುಟ್ಟಿಸುತ್ತಿತ್ತು. ದೊಡ್ಡ ಊರಿನ ಸಿರಿವಂತರಿಗೆ ಲೆಕ್ಕವನ್ನೂ ತಮ್ಮೊಳಗೇ ಮಾಡಿಕೊಳ್ಳುವ ಬಿಲ್ಲೆಗಳಿದ್ದವು. ನೇಕಾರರ ಸಂಘಕ್ಕೆ ಎಟುಕಿದ್ದು ಇದು: ಕಿವಿ ತಲೆಯಲ್ಲಿ, ಕೇಳುವುದು ಗೋದಾಮಿನಲ್ಲಿ.

ಆ ಗೋದಾಮಿನ ಹೊಣೆ ದಾಕ್ಷಾಯಣಿಯದು. ಧಾರವಾಡದ ಇಂಜಿನಿಯರು, ಈ ಊರಿನ ಸೊಸೆ. ಗಂಡ ಬಸಲಿಂಗ ಸೀರೆಯ ಗಂಟು ಹೊತ್ತು ಅಂಗಡಿ ಅಂಗಡಿ ತಿರುಗುವವನು. ಈ ಕಥೆ ಮುಗಿಯುವ ತನಕ ಸೊಲ್ಲಾಪುರದಲ್ಲೇ ಇರುತ್ತಾನೆ. ಊರಿನಲ್ಲಿ ಸ್ವಂತ ಕಿವಿಯಿಂದ ಕೇಳುವ ಕೆಲವೇ ದೊಡ್ಡವರಲ್ಲಿ ದಾಕ್ಷಾಯಣಿ ಒಬ್ಬಳು. ಅದರಿಂದ ಅವಳಿಗಾದ ಲಾಭವೆಂದರೆ ಎಲ್ಲರ ಬೈಗುಳವೂ ಸ್ವಚ್ಛವಾಗಿ ಕೇಳಿಸುತ್ತಿತ್ತು.

ಸರ್ವರಿಗೊಂದು ಬುನಾದಿ ಇರುತ್ತದೆ, ಆಪರೇಟಿಂಗ್ ಸಿಸ್ಟಂ. ಮಾತು ಸೋಸುವ ಪ್ರೋಗ್ರಾಮು ಅದರ ಮೇಲೆ ಕಟ್ಟಿದ ಮನೆ. ಬುನಾದಿಯಲ್ಲಿ ಆಗಾಗ ಬಿರುಕುಗಳು ಕಾಣಿಸುತ್ತವೆ. ಮಾಡಿದ ಕಂಪನಿಯವರು ಪ್ಯಾಚು ಕಳಿಸುತ್ತಾರೆ; ಹಚ್ಚಿ, ಸರ್ವರನ್ನೊಮ್ಮೆ ಬಂದ್ ಮಾಡಿ ಚಾಲೂ ಮಾಡಿದರೆ ಬಿರುಕು ಮುಚ್ಚಿತು. ಏಳು ನಿಮಿಷದ ಕೆಲಸ. ಆ ಏಳು ನಿಮಿಷ ಊರಿಗೆ ಏನೂ ಕೇಳಿಸುವುದಿಲ್ಲ. ಆ ಏಳು ನಿಮಿಷ ದಾಕ್ಷಾಯಣಿಗೆ ಮೂರು ವರ್ಷದಿಂದ ಸಿಕ್ಕಿರಲಿಲ್ಲ. ಸರ್ವರು ಬಂದ ದಿನ ಚಾಲೂ ಆದದ್ದು, ಆಮೇಲೆ ಒಮ್ಮೆಯೂ ನಿಂತಿರಲಿಲ್ಲ.

ಮೊದಲು ಹಬ್ಬ, ಮದುವೆ, ಪರೀಕ್ಷೆ, ಕ್ರಿಕೆಟ್ಟು ಅಡ್ಡ ಬಂದವು. ಆಮೇಲೆ ಕುಕ್ಕರು ಬಂತು. ಹೋದ ವರ್ಷ ಸೋಸುವ ಪ್ರೋಗ್ರಾಮಿಗೆ ಒಂದು ಹೊಸ ಅಪ್‌ಡೇಟ್ ಹಾಕಿದ್ದರು. ಅದಕ್ಕೆ ಸರ್ವರು ನಿಲ್ಲಿಸಬೇಕಾಗಿರಲಿಲ್ಲ. ಆ ಬುದ್ಧಿವಂತ ಅಪ್‌ಡೇಟು ಕುಕ್ಕರಿನ ಸೀಟಿಯೂ ಮಗ್ಗದ ಸಪ್ಪಳವೇ ಎಂದು ತೀರ್ಮಾನಿಸಿ ಅದನ್ನೂ ಸೋಸಿ ಚೆಲ್ಲಿತು. ಒಂದೇ ಮಧ್ಯಾಹ್ನ ಎಷ್ಟು ಮನೆಯ ಬ್ಯಾಳಿ ಸೀದಿತೆಂದರೆ, ನೂಲಿಗೆ ಬೆಂಕಿ ಬಿತ್ತೆಂದು ಪಕ್ಕದೂರಿನಿಂದ ನೀರಿನ ಟ್ಯಾಂಕರು ಬಂತು. ಮರುದಿನ ಸಂಘದ ಕಮಿಟಿ ಸೇರಿ, ಆ ಅಪ್‌ಡೇಟನ್ನು ತೆಗೆಸಿ, ಇನ್ನು ಅಧ್ಯಕ್ಷರ ಹೆಬ್ಬೆಟ್ಟು ಬೀಳದೆ ಸರ್ವರಿಗೆ ಯಾರೂ ಏನೂ ಮಾಡಕೂಡದೆಂದು ಠರಾಯಿಸಿತು. ಹೆಬ್ಬೆಟ್ಟು ಒತ್ತುವ ಯಂತ್ರವನ್ನು ಕಪಾಟಿಗೆ ಜೋಡಿಸುವ ಕೆಲಸವನ್ನೂ ದಾಕ್ಷಾಯಣಿಯಿಂದಲೇ ಮಾಡಿಸಿದರು.

ಅಧ್ಯಕ್ಷರು ಚನಮಲ್ಲಪ್ಪ ಜೀರಗಾಳ, ಅರವತ್ತು ಮಗ್ಗದ ಧಣಿ. ಅವರ ಮುಂದೆ ಅವಳು ಎಷ್ಟು ಸಲ ಕುಳಿತು ಎದ್ದಳೋ.

"ಇದು ಸಪ್ಪಳ ಸೋಸೂ ಪ್ರೋಗ್ರಾಮಲ್ರಿ, ಅದರ ಬುಡದಾಗಿಂದು. ಒಂದು ತ್ಯಾಪಿ ಹಚ್ಚೂದದ, ಅಷ್ಟ," ಎಂದು ಒಮ್ಮೆ ಪ್ಯಾಚನ್ನು ತೇಪೆಯೆಂದು ಸುಲಭ ಮಾಡಿ ಹೇಳಲು ಹೋದಳು.

"ತ್ಯಾಪಿ?" ಜೀರಗಾಳರು ಕನ್ನಡಕ ತೆಗೆದರು. "ಮೇಡಂ, ನಾವು ಹೊಸಾ ಸೀರಿ ನೇಯೂ ಮಂದಿ. ಹೊಸಾ ಮಾಲಿಗೆ ತ್ಯಾಪಿ ಹಚ್ಚಿ ಕೊಡತೀನಿ ಅಂದ್ರ ಗಿರಾಕಿ ಹೊಳ್ಳಿ ನೋಡೂದಿಲ್ಲ. ಹರದ ಮಾಲ ಯಾಕ ತಗೊಂಡ್ರಿ?"

"ಹರದಿಲ್ರಿ. ಹರಿಯೂಕಿಂತ ಮೊದಲ..."

"ಹರದಿಲ್ಲಂದ್ರ ತ್ಯಾಪಿ ಯಾಕ?"

ಮತ್ತೊಮ್ಮೆ ಅವಳೇ ಅಮಾವಾಸ್ಯೆ ಸೂಚಿಸಿದಳು. ಅಂದು ಊರಿನ ಮಗ್ಗಗಳೆಲ್ಲ ನಿಲ್ಲುತ್ತವೆ. ತೊಳೆದು, ಕುಂಕುಮ ಹಚ್ಚಿ, ಕೈಮುಗಿದು ಬಿಡುತ್ತಾರೆ. ಸರ್ವರಿಗೂ ಅಂದು ಕೆಲಸ ಕಡಿಮೆ. ಕಮಿಟಿಯಲ್ಲೊಬ್ಬ ಎದ್ದು ನಿಂತ: "ತಿಂಗಳಿಗೆ ಅದೊಂದ ದಿನಾ ರೀ ಹೆಂಡ್ತಿ ಮಾತು ಸಮ ಕೇಳೂದು. ಅದನ್ನೂ ಕಸಗೋತೀರೇನು?"

"ನಂದೇನ ತಕರಾರಿಲ್ಲ ನೋಡ್ರಿ, ಕಸಗೋರಿ," ಎಂದ ಮತ್ತೊಬ್ಬ. ನಗೆಯಲ್ಲಿ ಸಭೆ ಮುಗಿಯಿತು.

ಹೀಗಿರುವಾಗ ಕಂಪನಿಯಿಂದ ಕೆಂಪು ಅಕ್ಷರದ ಎಚ್ಚರಿಕೆ ಬಂತು. ಬುನಾದಿಯಲ್ಲಿ ದೊಡ್ಡ ತೂತು. ದೂರದ ಒಂದು ಗಣಿ ಊರಿನಲ್ಲಿ, ಇಂಥದೇ ಸರ್ವರಿಗೆ, ಯಾರೋ ಆ ತೂತಿನಿಂದ ನುಗ್ಗಿದ್ದರು. ಒಂದು ದಿನವಿಡೀ ಆ ಊರಿನವರ ತಲೆಯೊಳಗೆ ಕೂದಲೆಣ್ಣೆಯ ಜಾಹೀರಾತು ಹಾಡಿತು. ಮುಚ್ಚಿಕೊಳ್ಳೋಣವೆಂದರೆ ಕಿವಿಯಿಂದ ಬಂದ ಸದ್ದಲ್ಲ. ಹೊಕ್ಕವರು ಬೇರು ಬಿಟ್ಟಿದ್ದರಿಂದ ಕೊನೆಗೆ ಸರ್ವರನ್ನೇ ಕಿತ್ತೆಸೆಯಬೇಕಾಯಿತು. ಹೊಸದಕ್ಕೆ ಯಾರ ಬಳಿಯೂ ದುಡ್ಡಿರಲಿಲ್ಲ. ಊರು ಮತ್ತೆ ಕಿವುಡಾಯಿತು.

ದಾಕ್ಷಾಯಣಿ ಆ ಎಚ್ಚರಿಕೆಯನ್ನು ಕನ್ನಡಿಸಿ ಜೀರಗಾಳರಿಗೆ ಓದಿ ಹೇಳಿದಳು. ಅವರು ಗಂಭೀರವಾಗಿ ಕೇಳಿ, "ಯಾವ ಎಣ್ಣಿ ಅಂತರಿ?" ಎಂದರು.

* * *

ಮನೆಯಲ್ಲಿ ಅತ್ತೆ ನೀಲಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಮೂವತ್ತು ವರ್ಷ ಮಗ್ಗದ ಮುಂದೆ ನಿಂತವಳು. ಮಗನ ಮದುವೆಯಲ್ಲಿ ಓಲಗ ಕೇಳಿಸದೆ, ಊದುವವನ ಕೆನ್ನೆ ನೋಡಿ ಅಕ್ಕಿಕಾಳು ಹಾಕಿದವಳು. ಬಿಲ್ಲೆ ಬಂದ ಮೇಲೆ ಮೊದಲ ಸಲ ಸೊಸೆಯ ದನಿ ಕೇಳಿ, "ಏನ ಇಷ್ಟ ಸಣ್ಣ ದನಿ! ನಾ ಜೋರ ಇರಬೇಕ ಅಂದಕೊಂಡಿದ್ದೆ," ಎಂದಿದ್ದಳು.

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. "ನೀ ಕೆಮ್ಮಿದೇನು?"

"ಇಲ್ಲತ್ತಿ."

"ಮತ್ತ ಯಾರು? ಗಂಡಸರ ಕೆಮ್ಮು. ಬೀಡಿ ಸೇದೂ ಮನಿಶಾನ ಕೆಮ್ಮು. ಇಲ್ಲೇ, ಕಿವಿಯಾಗ ಬಂದು ಕೆಮ್ಮಿಧಂಗಾತು."

ಗೋಡೆಯಾಚೆಯಿಂದ ನೆರೆಯ ಕಾಶವ್ವ ಕೂಗಿದಳು: "ನೀಲಗಂಗಕ್ಕಾ, ನಿಮ್ಮನಿಗೆ ಯಾರರ ಬಂದಾರೇನು? ಕೆಮ್ಮಿದ್ದು ನನಗ ಕೇಳತು!"

ದಾಕ್ಷಾಯಣಿ ತಾಟು ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದಳು.

ಕಿವಿ ಖೋಲಿಯಲ್ಲಿ ಮೆಹಬೂಬಸಾಬ ಸ್ಟೂಲಿನ ಪಕ್ಕ ನೆಟ್ಟಗೆ ನಿಂತಿದ್ದ. ಹಿಂದೆ ಮಗ್ಗ ರಿಪೇರಿ ಮಾಡುತ್ತಿದ್ದವನು, ಈಗ ಪರದೆ ಕಾಯುವವನು. ಅವನ ಕಿವಿಯ ಹಿಂದೆಯೂ ಬಿಲ್ಲೆ.

"ಯಾಕ ನಿಂತೀರಿ?"

"ಯಾರೋ ಕೆಮ್ಮಿದ್ರು ನೋಡ್ರಿ ಮೇಡಂ. ಅಧ್ಯಕ್ಷರು ಬಂದ್ರಂತ ಎದ್ದ ನಿಂತೆ. ಆಮ್ಯಾಲ ಯಾರೂ ಬರಲಿಲ್ಲ. ಕುಂದರಬೇಕೋ ಬ್ಯಾಡೋ ತಿಳೀಲಿಲ್ಲ."

ಅವಳು ಪರದೆಯ ಮುಂದೆ ಕುಳಿತು ಹುಡುಕಿದಳು. ಕೆಮ್ಮಿದ ಗಳಿಗೆಯಲ್ಲಿ ಯಾರೋ ಆ ತೂತಿನಿಂದ ಸರ್ವರಿನೊಳಗೆ ಬಂದಿದ್ದರು, ಹೆಸರಿಲ್ಲದವರು. ಬಾಗಿಲು ತೆರೆಯುತ್ತದೆಯೇ ನೋಡಿ, ಮೈಕು ನಡೆಯುತ್ತದೆಯೇ ಎಂದು ಒಮ್ಮೆ ಕೆಮ್ಮಿ, ಹೊರಟುಹೋಗಿದ್ದರು. ಸಾಮಾನು ತರಲು ಹೋಗಿರಬೇಕು.

* * *

ಜೀರಗಾಳರ ಮಗ್ಗದ ಶೆಡ್ಡಿನಲ್ಲಿ ಅವಳಿಗೆ ತನ್ನ ಮಾತೇ ಕೇಳಿಸುತ್ತಿರಲಿಲ್ಲ. ಅವರಿಗೆ ಮಾತ್ರ ಸೋಸಿದ ಮಾತು ಸ್ವಚ್ಛವಾಗಿ ತಲುಪುತ್ತಿತ್ತು.

"ಇವತ್ತ, ಈಗ, ಏಳ ನಿಮಿಷ ಬೇಕ್ರಿ!" ಎಂದು ಕಿರುಚಿದಳು.

"ಒದರಬ್ಯಾಡ್ರಿ, ಕೇಳತೈತಿ. ಇವತ್ತ ಮುಂಬಯಿ ಸೇಠ ಬರತಾನ. ಅವನ ಮುಂದ ಕಿವುಡಾಗಿ ಕೂತ್ರ ರೇಟ ತಾನ ಹೇಳಿ ತಾನ ಒಪ್ಪಕೊಂಡು ಹೋಗತಾನ. ಆದ್ರ ಕೆಮ್ಮು ನನಗೂ ಕೇಳೇತಿ. ನನಗದು ಚಲೋ ಅನಸಲಿಲ್ಲ. ನಾಳೆ ಅಮಾಸಿ, ನಾಳೆ ಬಂದ್ ಮಾಡ್ರಿ."

ದಾಕ್ಷಾಯಣಿಗೆ ಅಲ್ಲೇ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಅವರು ಮುಂದುವರಿಸಿದ್ದರಿಂದ ಬೀಳುವುದು ತಪ್ಪಿತು.

"ಚಾಲೂ ಮಾಡೂದು ಪಾಡ್ಯಾಕ್ಕ."

"ಯಾಕ್ರಿ? ಬಂದ್ ಮಾಡಿ ಲಗೂನ ಚಾಲೂ ಮಾಡಬೇಕ್ರಿ ಅದನ್ನ!"

"ಅಮಾಸಿ ದಿನಾ ಯಾರರ ಮಷೀನ ಚಾಲೂ ಮಾಡತಾರೇನ್ರಿ? ನಮ್ಮಪ್ಪ ಮಾಡಿಲ್ಲ, ನಮ್ಮಜ್ಜ ಮಾಡಿಲ್ಲ."

"ನಿಮ್ಮಜ್ಜಾರ ಕಾಲಕ್ಕ ಸರ್ವರ ಇರಲಿಲ್ರಿ."

"ಮಗ್ಗ ಇತ್ತಲ್ರಿ. ಇದು ಕರೆಂಟಿನ ಮ್ಯಾಲ ಓಡತೈತಿ, ಬಿಸಿ ಆಗತೈತಿ, ಆಗಾಗ ಕೆಡತೈತಿ. ಮಷೀನ ಅಲ್ಲಂದ್ರ ಏನಿದು? ನೀವ ಹೇಳ್ರಿ."

ಇಂಜಿನಿಯರಿಂಗಿನಲ್ಲಿ ಮೊದಲ ದರ್ಜೆ ಪಡೆದ ದಾಕ್ಷಾಯಣಿಯೂ ಅದು ಮಷೀನೇ ಎಂದು ಒಪ್ಪಬೇಕಾಯಿತು. ಊರು ಇಡೀ ದಿನ ಕಿವುಡಾಗುವುದಷ್ಟೇ ಅವಳ ಹೆದರಿಕೆಯಾಗಿರಲಿಲ್ಲ. ಸರ್ವರಿನ ಹೊಟ್ಟೆಯಲ್ಲಿ ಹನ್ನೆರಡು ಡಿಸ್ಕುಗಳು ಮೂರು ವರ್ಷದಿಂದ ಬಿಡದೆ ತಿರುಗುತ್ತಿದ್ದವು. ಬಿಸಿಯಲ್ಲಿ ನಿಲ್ಲಿಸಿ ಬಿಸಿಯಲ್ಲೇ ಎಬ್ಬಿಸಿದರೆ ಏಳುತ್ತವೆ. ಒಂದು ದಿನ ಪೂರ್ತಿ ತಣ್ಣಗಾಗಲು ಬಿಟ್ಟರೆ, ಇಷ್ಟು ಹಳೆಯವು, ಕೆಲವು ಮತ್ತೆ ತಿರುಗದೆಯೂ ಹೋಗಬಹುದು. ಎರಡು ಹೋದರೆ ಉಳಿದವು ಸಂಭಾಳಿಸುತ್ತವೆ. ಮೂರನೆಯದು ಹೋದರೆ ಊರಿನ ಕಿವಿ ಹೋದ ಹಾಗೆ. ಅಷ್ಟನ್ನೂ ಬಿಡಿಸಿ ಹೇಳಿದಳು.

"ತಣ್ಣಗಾದ್ರ ಚಲೋನ ಅಲ್ಲೇನ್ರಿ?" ಎಂದರು ಜೀರಗಾಳರು. "ಬಿಸಿ ಆಗತೈತಂತ ಒದರಾಡಿ ಎರಡ ಏಸಿ ಕೊಡಸ್ಕೊಂಡಾಕಿ ನೀವ."

ಕೆಮ್ಮಿದವನು ಎಂದು ಮರಳುತ್ತಾನೋ ತಿಳಿಯದು. ಅವಳು ಒಪ್ಪಿಕೊಂಡಳು.

* * *

ಅಮಾವಾಸ್ಯೆಯ ಬೆಳಿಗ್ಗೆ ಸರ್ವರು ಓಡುತ್ತಿರುವಾಗಲೇ ಪ್ಯಾಚು ಹಚ್ಚಿದಳು. ಇನ್ನು ಒಮ್ಮೆ ನಿಂತು ಎದ್ದರೆ ಅದು ಹತ್ತಿಕೊಳ್ಳುತ್ತದೆ. ಊರಲ್ಲೆಲ್ಲ ಡಂಗುರ ಹೊಡೆಸಿಯಾಗಿತ್ತು. ಜೀರಗಾಳರು ಮಡಿ ಉಟ್ಟು ಬಂದು ಕಪಾಟಿಗೆ ವಿಭೂತಿ ಎಳೆದು, ಕುಂಕುಮ ಹಚ್ಚಿ, ಮೇಲೊಂದು ನಿಂಬೆಹಣ್ಣು ಇಟ್ಟರು. ಅದು ಉರುಳಿ ತಂತಿಗಳ ಹಿಂದೆ ಬಿತ್ತು. ಮೆಹಬೂಬಸಾಬ ಮೊಣಕಾಲೂರಿ ತೆಗೆದುಕೊಟ್ಟ. ಹೆಬ್ಬೆಟ್ಟು ಬಿತ್ತು. ಫ್ಯಾನುಗಳು ಒಂದೊಂದಾಗಿ ನಿಂತವು.

"ಹೋತ್ರಿ!" ಎಂದು ಮೆಹಬೂಬಸಾಬ ಇಡೀ ಓಣಿಗೆ ಕೇಳುವಂತೆ ಕೂಗಿದ. ತನ್ನ ದನಿಯ ಅಂದಾಜು ಅವನಿಗೇ ತಪ್ಪಿತ್ತು. ಜೀರಗಾಳರು ಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಉಡದಾರಕ್ಕೆ ಸಿಕ್ಕಿಸಿಕೊಂಡರು. ಏಳೇ ನಿಮಿಷಕ್ಕೆ ಗುಟ್ಟಾಗಿ ಚಾಲೂ ಮಾಡಿಬಿಡುವ ಅವಳ ಕೊನೆಯ ಆಸೆಯೂ ಅವರ ಸೊಂಟದಲ್ಲಿ ಹೋಯಿತು.

ಓಣಿಯಲ್ಲಿ ಅಳು, ಗೊಂದಲ, ಬೈಗುಳ ಕಾಣಬಹುದೆಂದು ದಾಕ್ಷಾಯಣಿ ತಲೆ ತಗ್ಗಿಸಿ ನಡೆದಳು. ಕಂಡದ್ದು ಕೈಗಳು. ಎಲ್ಲರ ಕೈಗಳೂ ಗಾಳಿಯಲ್ಲಿದ್ದವು. ಬಿಲ್ಲೆ ಬರುವ ಮೊದಲು ಮಗ್ಗದ ಗದ್ದಲದಲ್ಲಿ ಇವರು ಮಾತಾಡುತ್ತಿದ್ದುದೇ ಹಾಗೆ. ಚಹಾಕ್ಕೆ ಒಂದು ಸನ್ನೆ, ಧಣಿ ಬಂದನೆಂಬುದಕ್ಕೆ ಒಂದು, ಧಣಿಯ ಬಗ್ಗೆ ಅಭಿಪ್ರಾಯಕ್ಕೆ ಬೇರೆ ಹತ್ತು. ಕಟ್ಟೆಯ ಮೇಲೆ ಕುಳಿತ ಮುದುಕರು ರಸ್ತೆಯ ಈ ಬದಿಯಿಂದ ಆ ಬದಿಗೆ ಹರಟುತ್ತಿದ್ದರು. ಒಬ್ಬ ಪೋರ ಇದೇ ಸಮಯವೆಂದು ಅಜ್ಜಿಯ ಎದುರು ನಿಂತು ಹೊಲಸು ಮಾತೊಂದನ್ನು ಆಡಿ ನೋಡಿದ. ಅಜ್ಜಿ ತುಟಿ ಓದಿ ಕಪಾಳಕ್ಕೆ ಬಾರಿಸಿದಳು.

ಮನೆಯ ಹಿತ್ತಲಲ್ಲಿ ನೀಲಗಂಗವ್ವ ಮತ್ತು ಕಾಶವ್ವ ಗೋಡೆಯ ಆಚೆ ಈಚೆ ನಿಂತಿದ್ದರು. ಕೈಗಳು ಸರಸರ ಓಡುತ್ತಿದ್ದವು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಕಾಶವ್ವ ದಾಕ್ಷಾಯಣಿಯ ಕಡೆ ಗದ್ದ ಎತ್ತಿ ಏನೋ ಕೇಳಿದಳು. ನೀಲಗಂಗವ್ವ ಅಂಗೈ ಅಡ್ಡ ಹಿಡಿದಳು, ಎರಡು ಬೆರಳ ತುದಿ ಹೊಸೆದಳು, ಅಂಗೈಯನ್ನು ಮುಂದಕ್ಕೆ ಬಿಟ್ಟಳು. ಕಾಶವ್ವ ಓಹೋ ಎಂಬಂತೆ ತಲೆಯಾಡಿಸಿದಳು.

"ಏನಂದ್ರತ್ತಿ? ನನ್ನ ಬಗ್ಗೆ ಏನಂದ್ರಿ?"

ಯಾರಿಗೂ ಕೇಳಿಸಲಿಲ್ಲ. ಇಬ್ಬರೂ ಅವಳನ್ನು ನೋಡಿ ಮತ್ತೆ ನಕ್ಕರು. ಆ ದಿನವಿಡೀ ಅವಳು ಏನಾದರೂ ಕೇಳುವುದು, ಊರು ಅವಳಿಗೆ ಅರ್ಥವಾಗದ್ದೇನನ್ನೋ ಹೇಳುವುದು, ಇದೇ ನಡೆಯಿತು. ಬಂದ್ ಆದ ಕೋಣೆಯೊಳಗೆ ತಣ್ಣಗಾಗುತ್ತಿರುವ ಹನ್ನೆರಡು ಡಿಸ್ಕುಗಳನ್ನು ನೆನೆದು ಅವಳಿಗೆ ಊಟವೂ ಸೇರಲಿಲ್ಲ.

* * *

ಪಾಡ್ಯದ ಬೆಳಿಗ್ಗೆ ಬಿಸಿಲು ಬಾಗಿಲಿಗೆ ಬಂದ ಮೇಲೆ ಕೀಲಿ ತೆರೆಯಿತು. ಜೀರಗಾಳರು ಕಾಯಿ ಒಡೆದರು. ನೀರು ಕಪಾಟಿನೊಳಗೆ ಸಿಡಿಯದಂತೆ ದಾಕ್ಷಾಯಣಿ ಸೆರಗು ಹಿಡಿದು ಅಡ್ಡ ನಿಂತಳು. ಹೆಬ್ಬೆಟ್ಟು ಒತ್ತಿ, ಗುಂಡಿ ಒತ್ತಿ, ಎಲ್ಲರೂ ಕಪಾಟನ್ನೇ ನೋಡುತ್ತ ಕಾದರು.

ಒಂದೊಂದೇ ಹಸಿರು ದೀಪ ಹತ್ತಿತು. ಒಂಬತ್ತಕ್ಕೆ ನಿಂತಿತು.

ಹತ್ತನೆಯದು, ಹನ್ನೊಂದನೆಯದು ಕೆಂಪಾದವು. ಹೋದವು. ಹನ್ನೆರಡನೆಯದು ಹಸಿರೂ ಆಗದೆ ಕೆಂಪೂ ಆಗದೆ ಟಿಕ್ ಟಿಕ್ ಎಂದು ಸಣ್ಣಗೆ ಬಡಿದುಕೊಳ್ಳುತ್ತಿತ್ತು. ಆ ಸದ್ದು ಕೋಣೆಯಲ್ಲಿ ಅವಳೊಬ್ಬಳಿಗೇ ಕೇಳಿಸುತ್ತಿತ್ತು. ಉಳಿದಿಬ್ಬರು ಅವಳ ಮುಖ ನೋಡುತ್ತಿದ್ದರು. ಓಣಿಗಳಲ್ಲಿರುವವರು, ಮನೆಯಲ್ಲಿ ಒಲೆಯ ಮುಂದಿರುವ ಅತ್ತೆ, ಎಲ್ಲರ ಕಿವಿಯೂ ಈಗ ಆ ಟಿಕ್ ಟಿಕ್‌ಗೆ ಜೋತುಬಿದ್ದಿತ್ತು. ‘ಏಳು, ಮಹರಾಯಾ’ ಎಂದು ಅವಳು ಬಾಯಲ್ಲೇ ಅಂದುಕೊಂಡಳು. ಮೆಹಬೂಬಸಾಬ ತುಟಿ ಓದಿ, ತನಗೇ ಹೇಳಿದ್ದೆಂದು ಸ್ಟೂಲಿನಿಂದ ಎದ್ದು ನಿಂತ.

ಡಿಸ್ಕು ಒಮ್ಮೆ ನರಳಿ ತಿರುಗಿತು. ಹಸಿರು.

ಪರದೆಯ ಮೇಲೆ ಪ್ಯಾಚು ಹತ್ತಿದ ಗುರುತು ಬಂತು. ಹೆಸರಿಲ್ಲದವನು ಬಂದಿದ್ದ ಬಾಗಿಲು ಈಗ ಗೋಡೆಯಾಗಿತ್ತು. "ಬಂತ್ರಿ! ಏಸಿ ಸಪ್ಪಳ ಬಂತ್ರಿ!" ಎಂದು ಮೆಹಬೂಬಸಾಬ ಕುಣಿದ. ದಾಕ್ಷಾಯಣಿ ಅವನು ಬಿಟ್ಟ ಸ್ಟೂಲಿನ ಮೇಲೆ ಕುಳಿತಳು.

ಜೀರಗಾಳರು ಕಾಯಿಚೂರು ಕೊಡುತ್ತ ಹೇಳಿದರು: "ನೋಡಿದ್ರೇನು? ಪಾಡ್ಯಾಕ್ಕ ಮಾಡಿದ್ದಕ್ಕ ಬಂತು."

ಅವಳು ಬಾಯ್ತುಂಬ ಕಾಯಿ ಹಾಕಿಕೊಂಡು ಉತ್ತರ ಕೊಡುವುದರಿಂದ ಪಾರಾದಳು.

ಮನೆಗೆ ಬಂದವಳೇ ಕೇಳಿದಳು: "ಅತ್ತಿ, ನಿನ್ನೆ ಕಾಶವ್ವಗ ನನ್ನ ತೋರಿಸಿ ಹಿಂಗ ಹಿಂಗ ಕೈ ಮಾಡಿದ್ರಲ್ಲ, ಏನದು?"

"ಅದಾ? ನಿನ್ನ ಸ್ವಸಿ ಅಲ್ಲಿ ಏನ ಮಾಡಾಕತ್ತಾಳಂತ ಕೇಳಿದ್ಲು. ಎಳಿ ಹರದೈತಿ, ನಿಲ್ಲಿಸಿ, ಗಂಟ ಹಾಕಿ, ಬಿಡತಾಳ ಅಂದೆ." ನೀಲಗಂಗವ್ವ ಚಹಾ ಸೋಸುತ್ತ ಸೇರಿಸಿದಳು: "ಅಲ್ಲಬೇ, ಒಂದ ಗಂಟ ಹಾಕಾಕ ಒಂದ ದಿನಾ ಯಾಕ ಬೇಕಾತು ನಿನಗ?"

"ಅಮಾಸಿ ದಿನಾ ಚಾಲೂ ಮಾಡಬಾರದಂತ!"

"ಗಂಟ ಹಾಕಿ ಬಿಡೂದು ಚಾಲೂ ಮಾಡೂದು ಹೆಂಗಾಗತೈತಿ? ಅಮಾಸಿ ಹತ್ತೂದರಾಗ ಸೀರಿ ಮುಗೀಲಿಲ್ಲಂದ್ರ ಅರ್ಧಾ ಬಿಡತಾರೇನು? ಎಳಿ ಹರದಂಗ ನಿಲ್ಲಿಸಿ, ಗಂಟ ಹಾಕಿ, ಬಿಟ್ಟು, ಮುಗಸ್ತಾರ. ಚನಮಲ್ಲಪ್ಪನ ಅಪ್ಪನ ಶೆಡ್ಡಿನಾಗ ನಾನ ಎಷ್ಟ ಸಲ ಮಾಡೇನಿ. ಅವಗ ಗಂಟ ಅಂತ ಹೇಳಬೇಕಿತ್ತು. ನೀ ಏನಂತ ಹೇಳಿದಿ?"

"ಬಂದ್ ಮಾಡಿ ಚಾಲೂ ಮಾಡೂದು ಅಂದೆ."

"ತ್ಯಾಪಿ ಅಂತ ಬ್ಯಾರೆ ಅಂದಿದ್ದಿಯಂತಲ್ಲ," ಎಂದು ನೀಲಗಂಗವ್ವ ಲೊಚಗುಟ್ಟಿದಳು.

ದಾಕ್ಷಾಯಣಿ ಚಹಾ ಕುಡಿಯಲಿಲ್ಲ. ಎರಡು ಡಿಸ್ಕು, ಒಂದು ದಿನ, ಮೂರು ವರ್ಷ. ಅವಳು ಹೊಸ್ತಿಲ ಮೇಲೆ ಕುಳಿತು ಎರಡು ಬೆರಳ ತುದಿ ಹೊಸೆದು ನೋಡಿಕೊಂಡಳು.

ಮುಂದಿನ ಪ್ಯಾಚು ಬರಲು ಬಹಳ ದಿನ ಹಿಡಿಯಲಿಲ್ಲ. ಅವು ಎಂದೂ ಹಿಡಿಯುವುದಿಲ್ಲ. ಈ ಸಲ ದಾಕ್ಷಾಯಣಿ ಕಮಿಟಿಯ ಮುಂದೆ ಒಂದು ಮಾತೂ ಆಡಲಿಲ್ಲ. ಅಂಗೈ ಅಡ್ಡ ಹಿಡಿದಳು, ಬೆರಳು ಹೊಸೆದಳು, ಮುಂದಕ್ಕೆ ಬಿಟ್ಟಳು.

"ಇಷ್ಟ ಏನ್ರಿ?" ಜೀರಗಾಳರು ಕುರ್ಚಿಯಿಂದ ಎದ್ದೇಬಿಟ್ಟರು. "ಮೊದಲ ಹೇಳಬಾರದಿತ್ತ? ಮೂರ ವರ್ಷ ಸುಮ್ನ ತಲಿ ತಿಂದ್ರಿ." ನೆಟ್ಟಗೆ ಬಂದು ಹೆಬ್ಬೆಟ್ಟು ಒತ್ತಿದರು. ಯಾವ ವಾರ, ಯಾವ ತಿಥಿ ಎಂದು ಯಾರೂ ಕೇಳಲಿಲ್ಲ.

ಸರ್ವರು ನಿಂತಿತು, ಬಿಸಿಯಲ್ಲೇ ಎದ್ದಿತು. ಏಳು ನಿಮಿಷ. ಒಂದು ಡಿಸ್ಕೂ ಮುನಿಯಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ ದಾಕ್ಷಾಯಣಿ ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಮನೆಗೆ ಹೊರಟಳು, ಹಾಡು ಗುನುಗುತ್ತ.

ಓಣಿ ತಿರುಗುತ್ತಿದ್ದಂತೆ ಮೂಗಿಗೆ ಏನೋ ಬಡಿಯಿತು. ಎಡಗಡೆ ಮನೆಯಿಂದ, ಬಲಗಡೆ ಮನೆಯಿಂದ, ಕಾಶವ್ವನ ಹಿತ್ತಲಿನಿಂದ. ಸೀದ ಬ್ಯಾಳಿಯ ವಾಸನೆ. ಊರು ಕುಕ್ಕರಿಟ್ಟು ಸೀಟಿಗೆ ಕಾಯುವ ಏಳು ನಿಮಿಷವನ್ನೇ ಅವಳು ಆರಿಸಿಕೊಂಡಿದ್ದಳು.

ನೀಲಗಂಗವ್ವ ಬಾಗಿಲಲ್ಲೇ ನಿಂತಿದ್ದಳು, ಒಂದು ಕೈಯಲ್ಲಿ ಕಪ್ಪಗಾದ ಕುಕ್ಕರು. ಅವಳಿಗೆ ಈಗ ಎಲ್ಲವೂ ಕೇಳಿಸುತ್ತಿತ್ತು, ಮಾತಾಡಲೂ ಬರುತ್ತಿತ್ತು. ಆದರೂ ಅವಳು ಇನ್ನೊಂದು ಕೈಯನ್ನು ಎತ್ತಿ, ಸೊಸೆಯ ಮುಖದ ಮುಂದೆ ಹಿಡಿದು ಒಂದು ಸನ್ನೆ ಮಾಡಿದಳು.

ದಾಕ್ಷಾಯಣಿ ಅದರ ಅರ್ಥವನ್ನು ಯಾರಲ್ಲೂ ಕೇಳಬೇಕಾಗಲಿಲ್ಲ.